ಮೊದಲು ಪ್ರೋಗ್ರಾಂ ಬದಲಿಸಿ, ಲಿನಕ್ಸ್ ಆಮೇಲೆ

"ನನಗೂ ಲಿನಕ್ಸ್ ಹಾಕಿಕೊಡ್ತೀರಾ?" ಅಂತ ಯಾರಾದರೂ ಕೇಳಿದರೆ ವಿಂಡೋಸ್ ಬದಲು ಬಳಸುವ ಆ ಉಚಿತ ಆಪರೇಟಿಂಗ್ ಸಿಸ್ಟಂ ಅನ್ನು ನಾನು ಅವತ್ತೇ ಹಾಕಿಕೊಡುವುದಿಲ್ಲ. ಅವರ ಲ್ಯಾಪ್‌ಟಾಪ್ ತೆಗೆಸಿ, ದಿನಾ ಏನೇನು ಬಳಸುತ್ತೀರಿ ತೋರಿಸಿ ಅನ್ನುತ್ತೇನೆ. ಒಂದು ಬ್ರೌಸರ್, ಪತ್ರ ಬರೆಯಲು ಒಂದು, ಲೆಕ್ಕ ಇಡಲು ಒಂದು, ವಿಡಿಯೊ ನೋಡಲು ಒಂದು, ಫೋಟೊ ಸರಿಮಾಡಲು ಒಂದು. ಜಾಸ್ತಿ ಜನರ ಪಟ್ಟಿ ಇಲ್ಲಿಗೇ ಮುಗಿಯುತ್ತದೆ. ಇವಕ್ಕೆಲ್ಲ ವಿಂಡೋಸ್‌ನಲ್ಲೇ ಓಡುವ ಓಪನ್ ಸೋರ್ಸ್ (ಒಳಗಿನ ಕೋಡ್ ಎಲ್ಲರಿಗೂ ತೆರೆದಿಟ್ಟ) ಪ್ರೋಗ್ರಾಂಗಳಿವೆ: ಬ್ರೌಸರ್‌ಗೆ ಫೈರ್‌ಫಾಕ್ಸ್, ಪತ್ರ, ಲೆಕ್ಕ ಎರಡಕ್ಕೂ ಲಿಬ್ರೆಆಫೀಸ್, ವಿಡಿಯೊಗೆ ವಿಎಲ್‌ಸಿ, ಫೋಟೊಗೆ ಗಿಂಪ್. ಕೆಲವು ವಾರ ಇವನ್ನೇ ಬಳಸಿ ನೋಡಿ, ಆಮೇಲೆ ಮಾತಾಡೋಣ ಅಂತ ಹೇಳುತ್ತೇನೆ.

ಕೆಲವರಿಗೆ ಇದರಿಂದ ನಿರಾಸೆ ಆಗುತ್ತದೆ, ಇರಲಿ. ಹೊಸಬರು ವಾಪಸ್ ಓಡಿಹೋಗುವುದು ಎಲ್ಲವೂ ಒಂದೇ ದಿನ ಬದಲಾದಾಗ. ಪ್ರೋಗ್ರಾಂಗಳು ಮೊದಲೇ ರೂಢಿಯಾಗಿದ್ದರೆ ಲಿನಕ್ಸ್‌ಗೆ ಬಂದ ದಿನ ಅದೇ ಐಕಾನ್, ಅದೇ ಮೆನು ಕಾಣುತ್ತದೆ. ಫೈರ್‌ಫಾಕ್ಸ್‌ನಲ್ಲಿ ಸಿಂಕ್ ಹಾಕಿಟ್ಟರೆ ಬುಕ್‌ಮಾರ್ಕು, ಪಾಸ್‌ವರ್ಡು ತಾವಾಗಿಯೇ ಬಂದು ಕೂರುತ್ತವೆ.

ಲಿಬ್ರೆಆಫೀಸ್ ಬಗ್ಗೆ ಬರುವ ದೂರು ಯಾವಾಗಲೂ ಒಂದೇ: "ವರ್ಡ್ ಫೈಲ್ ತೆಗೆದರೆ ಪುಟ ಎಲ್ಲಾ ಅಲ್ಲಾಡಿಹೋಗಿದೆ." ಎಷ್ಟೋ ಸಲ ಇದಕ್ಕೆ ಕಾರಣ ಫಾಂಟ್. ಕ್ಯಾಲಿಬ್ರಿ, ಕೇಂಬ್ರಿಯಾ ಲಿನಕ್ಸ್ ಜೊತೆ ಬರುವುದಿಲ್ಲ. ಅವುಗಳ ಅಕ್ಷರದಷ್ಟೇ ಅಗಲ ಇರುವ ಕಾರ್ಲಿಟೊ, ಕ್ಯಾಲಡಿಯಾ ಅನ್ನುವ ಉಚಿತ ಫಾಂಟ್‌ಗಳಿವೆ. ಅವನ್ನು ಹಾಕಿದರೆ ಸಾಲುಗಳು ಬಹುಮಟ್ಟಿಗೆ ತಮ್ಮ ಜಾಗಕ್ಕೆ ಬರುತ್ತವೆ. ಬೇರೆಯವರು ಸುಮ್ನೆ ಓದಬೇಕಾದ ಫೈಲ್ ಆದರೆ ಪಿಡಿಎಫ್ ಮಾಡಿ ಕಳಿಸಿ ಅನ್ನುತ್ತೇನೆ, ತಲೆನೋವೇ ಇಲ್ಲ.

ಈ ಹಂತದಲ್ಲೇ ಕೆಲವರಿಗೆ ನಾನೇ ಬೇಡ ಅನ್ನುತ್ತೇನೆ. ಫೋಟೊಶಾಪ್, ಆಟೊಕ್ಯಾಡ್, ಮ್ಯಾಕ್ರೊ ತುಂಬಿದ ಎಕ್ಸೆಲ್ ಇವುಗಳ ಮೇಲೇ ಸಂಪಾದನೆ ನಿಂತಿರುವವರು ಸದ್ಯಕ್ಕೆ ವಿಂಡೋಸ್‌ನಲ್ಲೇ ಇರುವುದು ಒಳ್ಳೆಯದು. "ವೈನ್ ಇದೆಯಲ್ಲ?" ಅಂತ ಕೇಳುತ್ತಾರೆ. ವಿಂಡೋಸ್ ಪ್ರೋಗ್ರಾಂಗಳನ್ನು ಲಿನಕ್ಸ್‌ನಲ್ಲಿ ಓಡಿಸಲು ಅದು ಇದೆ, ಆದರೆ ಅದರಲ್ಲಿ ಕೆಲವು ಪ್ರೋಗ್ರಾಂ ಓಡುತ್ತವೆ, ಕೆಲವು ಓಡುವುದಿಲ್ಲ. ಹೊಸಬರಿಗೆ ಆ ಜೂಜು ಯಾಕೆ? ವ್ಯಾಲೊರಂಟ್ ಆಡುವವರಿಗೂ ಇದೇ ಉತ್ತರ, ಆ ಆಟ ಲಿನಕ್ಸ್‌ನಲ್ಲಿ ಓಡುವುದಿಲ್ಲ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಸಪೋರ್ಟ್ ಮುಗಿಯಿತು. ವಿಂಡೋಸ್ 11 ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಕೇಳುತ್ತದೆ, ಸ್ವಲ್ಪ ಹೊಸ ಪ್ರೊಸೆಸರ್ ಬೇರೆ ಬೇಕು. ಹಾಗಾಗಿ ಈಗ ಕೇಳಿಕೊಂಡು ಬರುವವರ ಹತ್ತಿರ ಇರುವುದು ಚೆನ್ನಾಗಿಯೇ ಓಡುವ, ಆದರೆ ಹಳೆಯದು ಅನ್ನಿಸಿಕೊಂಡ ಲ್ಯಾಪ್‌ಟಾಪ್. ಅದರಲ್ಲಿ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ ಮೊದಲು ಎಸ್‌ಎಸ್‌ಡಿ ಹಾಕಿಸಿ ಅನ್ನುತ್ತೇನೆ. ಡಿಸ್ಕ್ ನಿಧಾನ ಇದ್ದರೆ ಯಾವ ಆಪರೇಟಿಂಗ್ ಸಿಸ್ಟಂ ಬಂದರೂ ನಿಧಾನವೇ.

ಯಾವ ಡಿಸ್ಟ್ರೊ, ಅಂದರೆ ಲಿನಕ್ಸ್‌ನ ಯಾವ ಬಗೆ? ನಾನು ಲಿನಕ್ಸ್ ಮಿಂಟ್ ಹಾಕಿಸುತ್ತೇನೆ. 4 ಜಿಬಿ ರ‍್ಯಾಮ್ ಇದ್ದರೆ ಎಕ್ಸ್‌ಎಫ್‌ಸಿಇ, 8 ಇದ್ದರೆ ಸಿನಮನ್. ಇವೆರಡೂ ಮಿಂಟ್‌ನ ಬೇರೆ ಬೇರೆ ಡೆಸ್ಕ್‌ಟಾಪ್ ರೂಪಗಳು, ಮೊದಲನೆಯದು ಹಗುರ. ಮೆನು ಎಡಗಡೆ ಕೆಳಗೇ ಇರುತ್ತದೆ, ಹುಡುಕಬೇಕಾಗಿಲ್ಲ. ಮಿಂಟ್‌ನ 22ನೇ ಆವೃತ್ತಿ ಉಬುಂಟು ಅನ್ನುವ ಇನ್ನೊಂದು ಡಿಸ್ಟ್ರೊದ 24.04ರ ಮೇಲೆ ಕಟ್ಟಿದ್ದು, 2029ರ ತನಕ ಅಪ್‌ಡೇಟ್ ಬರುತ್ತದೆ. ಹೀಗಂತ ಮಿಂಟೇ ಶ್ರೇಷ್ಠ ಅಂತ ಜಗಳಕ್ಕೆ ನಿಲ್ಲುವುದಿಲ್ಲ. ಹೊಸಬರಿಗೆ ಹಾಕಿಕೊಡುವ ನೀವು ಫೆಡೋರಾ ಅನ್ನುವ ಡಿಸ್ಟ್ರೊ ಬಳಸುವವರಾದರೆ ಅದನ್ನೇ ಹಾಕಿಕೊಡಿ, ಏನಾದರೂ ಕೆಟ್ಟಾಗ ಫೋನ್ ಬರುವುದು ನಿಮಗೇ ಅಲ್ವಾ! ಹೊಸಬರ ಮುಂದೆ ಹತ್ತು ಹೆಸರು ಹರಡಿ ಆರಿಸಿಕೊಳ್ಳಿ ಅನ್ನುವುದು ಮಾತ್ರ ಬೇಡ.

ನಾನು ಜಾಸ್ತಿ ಹೊತ್ತು ಕೊಡುವುದು ಲೈವ್ ಪೆನ್‌ಡ್ರೈವ್‌ಗೆ. ಎಚರ್ ಅಥವಾ ರೂಫಸ್ ಅನ್ನುವ ಪ್ರೋಗ್ರಾಂನಲ್ಲಿ ಲಿನಕ್ಸ್ ಅನ್ನು ಪೆನ್‌ಡ್ರೈವ್‌ಗೆ ಬರೆದುಕೊಂಡು, ಡಿಸ್ಕ್ ಮುಟ್ಟದೆ ಅದರಿಂದಲೇ ಕಂಪ್ಯೂಟರ್ ಶುರುಮಾಡಿ (ಬೂಟ್ ಮಾಡಿ), ವೈ-ಫೈ, ಸೌಂಡ್, ಕ್ಯಾಮೆರಾ, ಬ್ಲೂಟೂತ್, ಬೆಳಕು ಏರಿಸಿ ಇಳಿಸುವ ಕೀಗಳು, ಪ್ರಿಂಟರ್ ಎಲ್ಲವನ್ನೂ ಅವರ ಕೈಯಲ್ಲೇ ಪರೀಕ್ಷೆ ಮಾಡಿಸುತ್ತೇನೆ. ಲ್ಯಾಪ್‌ಟಾಪ್ ಮುಚ್ಚಿ ಮತ್ತೆ ತೆಗೆಯುವುದನ್ನು ಮರೆಯಬೇಡಿ. ಕೆಲವು ಮಾಡೆಲ್‌ಗಳು ನಿದ್ದೆಗೆ ಹೋದರೆ ಏಳುವುದೇ ಇಲ್ಲ, ಅದು ಇನ್‌ಸ್ಟಾಲ್‌ಗೆ ಮೊದಲೇ ಗೊತ್ತಾಗಬೇಕು. ಪೆನ್‌ಡ್ರೈವ್‌ನಿಂದ ಓಡುವಾಗ ನಿಧಾನ ಇರುತ್ತದೆ ಅಂತಲೂ ಮೊದಲೇ ಹೇಳಿಬಿಡಿ. ವೈ-ಫೈ ಹಿಡಿಯದಿದ್ದರೆ ಫೋನನ್ನು ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಇಂಟರ್ನೆಟ್ ಬಂದಮೇಲೆ ಮಿಂಟ್‌ನ ಡ್ರೈವರ್ ಮ್ಯಾನೇಜರ್ ಯಾವ ಡ್ರೈವರ್ (ಯಂತ್ರದ ಭಾಗವನ್ನು ನಡೆಸುವ ಪ್ರೋಗ್ರಾಂ) ಬೇಕು ಅಂತ ನೋಡಿ ಹೇಳುತ್ತದೆ.

ಎರಡೂ ಸಿಸ್ಟಂ ಇಟ್ಟುಕೊಳ್ಳುವವರ ವಿಂಡೋಸ್‌ನಲ್ಲಿ ಸ್ವಲ್ಪ ಕೆಲಸ ಇರುತ್ತದೆ. ಬ್ಯಾಕಪ್ ತೆಗೆದು, ಅದರಲ್ಲಿನ ನಾಲ್ಕು ಫೈಲನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಬೇಕು. ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದೆಯಾ ನೋಡಿ, ಎಷ್ಟೋ ಜನರಿಗೆ ಅದು ಇರುವುದೇ ಗೊತ್ತಿರುವುದಿಲ್ಲ. ಬೂಟ್ ಸೆಟ್ಟಿಂಗ್ ಬದಲಾದರೆ ಅದು ರಿಕವರಿ ಕೀ ಕೇಳುತ್ತದೆ, ಕೀ ಇಲ್ಲದಿದ್ದರೆ ಫೈಲುಗಳ ಆಸೆ ಬಿಡಬೇಕು. ವಿಂಡೋಸ್ ಬೇಗ ಏಳಲೆಂದು ಅದನ್ನು ಪೂರ್ತಿ ಆರಲು ಬಿಡದ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ, ಇಲ್ಲದಿದ್ದರೆ ವಿಂಡೋಸ್ ಕಡೆಯ ಫೈಲನ್ನು ಲಿನಕ್ಸ್‌ನಿಂದ ಓದಬಹುದಷ್ಟೇ, ಬದಲಿಸಲು ಆಗುವುದಿಲ್ಲ. ಲಿನಕ್ಸ್‌ಗೆ ಜಾಗ ಬಿಡಿಸುವುದನ್ನೂ ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಿಂದಲೇ ಮಾಡಿಸುತ್ತೇನೆ. ಇನ್ನೊಂದು ತಮಾಷೆ ಇದೆ. ಯಂತ್ರದೊಳಗಿನ ಗಡಿಯಾರವನ್ನು ವಿಂಡೋಸ್ ಸ್ಥಳೀಯ ಸಮಯ ಅಂತ ಓದುತ್ತದೆ, ಲಿನಕ್ಸ್ ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ) ಅಂತ ಓದುತ್ತದೆ. ಲಿನಕ್ಸ್‌ನಿಂದ ವಿಂಡೋಸ್‌ಗೆ ಹೋದಾಗ ಟೈಮ್ ತಪ್ಪಾಗಿ ಕಂಡರೆ ಗಾಬರಿಯಾಗಬೇಡಿ, ಲಿನಕ್ಸ್ ಕಡೆ ಒಂದು ಕಮಾಂಡ್ ಕೊಟ್ಟರೆ ಸರಿಹೋಗುತ್ತದೆ.

ಇನ್‌ಸ್ಟಾಲ್ ಮಾಡುವಾಗ ನಾನು ಕೈಕಟ್ಟಿ ಕೂರುತ್ತೇನೆ. ಕೀಬೋರ್ಡು, ಮೌಸು ಎರಡೂ ಅವರದೇ. ಇದು ನೋಡಲು ಸುಲಭ, ಮಾಡಲು ಕಷ್ಟ, ಅವರು ಬಟನ್ ಹುಡುಕುತ್ತಿರುವಾಗ ನಮ್ಮ ಕೈ ತಾನಾಗಿಯೇ ಮುಂದೆ ಹೋಗುತ್ತದೆ. ತಡೆದುಕೊಳ್ಳಿ. ಡಿಸ್ಕ್ ಪೂರ್ತಿ ಅಳಿಸಲಾ ಅಂತ ಕೇಳುವ ಪರದೆ ಬಂದಾಗ ಮಾತ್ರ ನಿಲ್ಲಿಸಿ, ಅದರಲ್ಲಿರುವುದನ್ನು ಅವರಿಂದಲೇ ಜೋರಾಗಿ ಓದಿಸಿ, ಏನಾಗುತ್ತದೆ ಅಂತ ಅವರ ಮಾತಲ್ಲೇ ಹೇಳಿಸಿ ಮುಂದೆ ಬಿಡುತ್ತೇನೆ.

ಆಮೇಲೆ ಹೇಳಿಕೊಡುವುದು ಸ್ವಲ್ಪವೇ. ಪ್ರೋಗ್ರಾಂ ಬೇಕಿದ್ದರೆ ವೆಬ್‌ಸೈಟಿಗೆ ಹೋಗಬೇಡಿ, ಮೊದಲು ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಹುಡುಕಿ. ಕಮಾಂಡ್ ಹೊಡೆಯುವ ಟರ್ಮಿನಲ್‌ನಲ್ಲಿ ಪಾಸ್‌ವರ್ಡ್ ಹೊಡೆಯುವಾಗ ಅಕ್ಷರ ಕಾಣುವುದಿಲ್ಲ, ಕೀಬೋರ್ಡ್ ಕೆಟ್ಟಿಲ್ಲ, ಹೊಡೆದು ಎಂಟರ್ ಒತ್ತಿ. ಕನ್ನಡ ಟೈಪ್ ಮಾಡಲು ಐಬಸ್ ಅನ್ನುವ ಟೈಪಿಂಗ್ ಪ್ರೋಗ್ರಾಂ ಜೊತೆ ಎಂ17ಎನ್ ಹಾಕಿದರೆ ಕೆಜಿಪಿ, ಇನ್‌ಸ್ಕ್ರಿಪ್ಟ್ ಎರಡೂ ಕೀಬೋರ್ಡ್ ವಿನ್ಯಾಸಗಳು ಸಿಗುತ್ತವೆ. ಸಿಸ್ಟಂ ಕೆಟ್ಟರೆ ಅದನ್ನು ಹಿಂದಿನ ಸ್ಥಿತಿಗೆ ತರುವ ಟೈಮ್‌ಶಿಫ್ಟ್ ಆನ್ ಮಾಡಿಸುತ್ತೇನೆ, ಜೊತೆಗೆ ಅದು ಸಿಸ್ಟಂ ಉಳಿಸುತ್ತದೆ, ನಿಮ್ಮ ಫೋಟೊ ಅಲ್ಲ ಅಂತ ಒತ್ತಿ ಹೇಳುತ್ತೇನೆ. ಮತ್ತೆ, "ಕೆಲಸ ಮಾಡ್ತಿಲ್ಲ" ಅಂತ ಮೆಸೇಜ್ ಹಾಕಿದರೆ ನಾನು ಉತ್ತರ ಕೊಡುವುದಿಲ್ಲ. ಪರದೆ ಮೇಲೆ ಬಂದ ಸಾಲನ್ನು ಹಾಗೇ ಕಾಪಿ ಮಾಡಿ ಕಳಿಸಬೇಕು. ಆ ಸಾಲನ್ನೇ ಹುಡುಕಿದರೆ ಉತ್ತರ ಸಿಗುತ್ತದೆ ಅಂತ ಸ್ವಲ್ಪ ದಿನದಲ್ಲಿ ಅವರಿಗೇ ತಿಳಿಯುತ್ತದೆ, ಫೋನೂ ಕಡಿಮೆಯಾಗುತ್ತದೆ.

ಆದರೂ ಬರುವ ಒಂದು ಫೋನ್ ಇದೆ: "ಅಪ್‌ಡೇಟ್ ಮಾಡಿದೆ, ವೈ-ಫೈ ಹೋಯ್ತು." ಹೆಚ್ಚಾಗಿ ಹೊಸ ಕರ್ನಲ್, ಅಂದರೆ ಯಂತ್ರವನ್ನು ನಡೆಸುವ ಲಿನಕ್ಸ್‌ನ ತಿರುಳು, ಬಂದಿರುತ್ತದೆ. ಹಳೆಯದು ಡಿಸ್ಕ್‌ನಲ್ಲೇ ಇರುತ್ತದೆ. ರೀಸ್ಟಾರ್ಟ್ ಮಾಡಿಸಿ, ಶುರುವಿನಲ್ಲಿ ಎಸ್ಕೇಪ್ ಅಥವಾ ಶಿಫ್ಟ್ ಒತ್ತಿ ಗ್ರಬ್ ಮೆನು (ಯಾವುದನ್ನು ಶುರುಮಾಡಬೇಕು ಅಂತ ಆರಿಸುವ ಪರದೆ) ತರಿಸಿ, ಅಡ್ವಾನ್ಸ್ಡ್ ಆಪ್ಷನ್ಸ್ ಒಳಗೆ ಹೋಗಿ ಹಿಂದಿನ ಕರ್ನಲ್ ಆರಿಸಿ ಅನ್ನುತ್ತೇನೆ. ವೈ-ಫೈ ಬಂದರೆ, ಮುಂದಿನ ಅಪ್‌ಡೇಟ್ ಬರುವವರೆಗೆ ಅದರಲ್ಲೇ ಇರಲು ಹೇಳುತ್ತೇನೆ.