ಮಳೆಗೆ ಮೊದಲು ಬಾಕಿ ಓದು ಇಳಿಸಿಕೊಳ್ಳಿ

ನವೆಂಬರ್ ಹೊತ್ತಿಗೆ ಅರೇಬಿಕಾ ಕೊಯ್ಲು ಶುರುವಾದರೆ ರೋಬಸ್ಟಾ ಮುಗಿಯುವಷ್ಟರಲ್ಲಿ ಮಾರ್ಚ್ ಬಂದಿರುತ್ತದೆ. ಚಿಕ್ಕಮಗಳೂರಿನ ತೋಟದ ಮನೆಗಳಲ್ಲಿ ಅಲ್ಲಿಯವರೆಗೆ ಕಣ, ಆಳು, ಲೆಕ್ಕ ಇಷ್ಟೇ ಮಾತು. ಅಷ್ಟರಲ್ಲಿ ಇಷ್ಟದ ಬರಹಗಾರರು ಇಂಟರ್ನೆಟ್‌ನಲ್ಲಿ ಬರೆದದ್ದೆಲ್ಲ ರಾಶಿ ಬಿದ್ದಿರುತ್ತದೆ. ‘ಆಮೇಲೆ ಓದ್ತೀನಿ’ ಅಂತ ವಾಟ್ಸ್‌ಆ್ಯಪ್‌ನಲ್ಲಿ ಎತ್ತಿಟ್ಟ ಲಿಂಕುಗಳು ಬೇರೆ. ಇವನ್ನು ಮಳೆ ಹಿಡಿಯುವ ಮೊದಲೇ ಹದಕ್ಕೆ ತಂದರೆ ಜೂನ್, ಜುಲೈ ತಿಂಗಳಲ್ಲಿ ಒಳ್ಳೆಯ ಓದು ಸಿಗುತ್ತದೆ.

ಮೊದಲು ಎಲ್ಲವೂ ಒಂದೇ ಕಡೆ ಬರಲಿ. ಇದಕ್ಕೆ ಫೀಡ್ ರೀಡರ್ ಆ್ಯಪ್ ಬೇಕು. ಫೀಡ್ಲಿ, ಇನೋರೀಡರ್, ಫೀಡರ್ ಇವುಗಳಲ್ಲಿ ಯಾವುದಾದರೂ ಆದೀತು, ದುಡ್ಡು ಕೊಡದೆಯೂ ಬಳಸಬಹುದು. ನಿಮ್ಮ ಇಷ್ಟದ ತಾಣದ ವಿಳಾಸವನ್ನು ಕಾಪಿ ಮಾಡಿ ಅದರಲ್ಲಿ ಹಾಕಿ. ಬಹಳಷ್ಟು ತಾಣಗಳಲ್ಲಿ ಹೊಸ ಬರಹಗಳ ಪಟ್ಟಿಯನ್ನು ಆ್ಯಪ್‌ಗಳು ಓದುವಂತೆ ಕೊಡುವ ಫೀಡ್ (ಆರ್‌ಎಸ್‌ಎಸ್ ಅಂತಾರೆ) ಇರುತ್ತದೆ, ಆ್ಯಪ್ ಅದನ್ನು ತಾನೇ ಹುಡುಕಿಕೊಳ್ಳುತ್ತದೆ. ಹೊಸ ಬರಹ ಬಂದಾಗಲೆಲ್ಲ ತಲೆಬರಹ ಅಲ್ಲೇ ಕಾಣುತ್ತದೆ. ಆದರೆ ಫೀಡಿನಲ್ಲಿ ಇತ್ತೀಚಿನವು ಮಾತ್ರ ಇರುತ್ತವೆ. ಬ್ಲಾಗ್ ನಡೆಸಲು ಬಳಸುವ ವರ್ಡ್‌ಪ್ರೆಸ್‌ನಲ್ಲಿ ಮಾಡಿದ ತಾಣವಾದರೆ ಮಾಮೂಲಿಗೆ 10 ಬರಹ. ಕೊಯ್ಲಿನ ಕಾಲದ ಹಳೆಯ ಬರಹ ಬೇಕಿದ್ದರೆ ತಾಣಕ್ಕೇ ಹೋಗಿ ತಿಂಗಳುವಾರು ಪಟ್ಟಿ ನೋಡಬೇಕು.

ಇನ್ನು ಆರಿಸುವ ಕೆಲಸ. ಮುಖ್ಯವಾದದ್ದು ಇದೇ. ಯಾವುದನ್ನೂ ತೆರೆಯಬೇಡಿ, ತಲೆಬರಹ ಮಾತ್ರ ಓದುತ್ತಾ ಹೋಗಿ. ಕಾಳುಮೆಣಸಿನ ಧಾರಣೆ, ಮುಗಿದ ಚುನಾವಣೆಯ ಲೆಕ್ಕಾಚಾರ ಇಂಥವನ್ನು ಮುಲಾಜಿಲ್ಲದೆ ಬಿಡಿ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು ವಿಶ್ವ ಪರಂಪರೆ ಪಟ್ಟಿ ಸೇರಿದಾಗ ಎಷ್ಟೊಂದು ಬರಹಗಳು ಬಂದವು ಅಲ್ವಾ? ಪಟ್ಟಿ ಸೇರಿದ ಸುದ್ದಿಯನ್ನು ಈಗ ಓದಿ ಆಗಬೇಕಾದ್ದೇನೂ ಇಲ್ಲ. ಆದರೆ ಬೇಲೂರಿನ ಮದನಿಕೆಯ ಬಳೆ, ಸರಗಳನ್ನು ಅಷ್ಟು ನವಿರಾಗಿ ಕೆತ್ತಲು ಬಳಪದ ಕಲ್ಲು ಹೇಗೆ ಒದಗಿತು, ಅಗೆದಾಗ ಮೆತ್ತಗಿರುವ ಆ ಕಲ್ಲು ಗಾಳಿಗೆ ಹೇಗೆ ಗಟ್ಟಿಯಾಗುತ್ತದೆ ಅಂತ ಬರೆದದ್ದಿದ್ದರೆ ಇಟ್ಟುಕೊಳ್ಳಿ. ಹತ್ತು ವರ್ಷ ಬಿಟ್ಟು ಓದಿದರೂ ಅದು ಹಳಸುವುದಿಲ್ಲ. ಆರಿಸಿದ್ದಕ್ಕೆ ನಕ್ಷತ್ರ ಒತ್ತಿ, ಉಳಿದದ್ದಕ್ಕೆಲ್ಲ ‘ಓದಿದೆ’ ಅಂತ ಗುರುತು ಹಾಕಿಬಿಡಿ. ಬಿಟ್ಟೆನಲ್ಲ ಅಂತ ಕೊರಗಬೇಡಿ. ಎಲ್ಲವನ್ನೂ ಓದುತ್ತೇನೆ ಎಂದು ಹೊರಟವರು ಒಳ್ಳೆಯದನ್ನೂ ಅರ್ಧಕ್ಕೇ ಬಿಡುತ್ತಾರೆ.

ಆರಿಸಿದ್ದನ್ನು ಫೋನಿಗೆ ಇಳಿಸಿಕೊಳ್ಳಿ. ಮಲೆನಾಡಿನಲ್ಲಿ ಇದನ್ನು ಮರೆಯುವ ಹಾಗೇ ಇಲ್ಲ. ಮಳೆಗಾಳಿಗೆ ಲೈನಿನ ಮೇಲೆ ಮರ ಬಿದ್ದು ಕರೆಂಟ್ ಹೋದರೆ, ಸ್ವಲ್ಪ ಹೊತ್ತಿಗೆ ಟವರೂ ಸುಮ್ಮನಾಗುತ್ತದೆ. ಆಂಡ್ರಾಯ್ಡ್ ಫೋನಿನ ಕ್ರೋಮ್‌ನಲ್ಲಿ ಪುಟ ತೆರೆದು ಮೂರು ಚುಕ್ಕಿ ಒತ್ತಿದರೆ ಕೆಳಮುಖದ ಬಾಣ ಕಾಣುತ್ತದೆ. ಅದನ್ನು ಒತ್ತಿದರೆ ಪುಟ ‘ಡೌನ್‌ಲೋಡ್ಸ್‌’ನಲ್ಲಿ ಉಳಿಯುತ್ತದೆ. ಪೇಟೆಗೆ ಹೋದಾಗ, ಸಿಗ್ನಲ್ ಚೆನ್ನಾಗಿರುವ ಕಡೆ ಕೂತು ಈ ಕೆಲಸ ಮುಗಿಸಿ. ಒಮ್ಮೆ ಫ್ಲೈಟ್ ಮೋಡ್ ಹಾಕಿ ತೆರೆದು ನೋಡಿ, ಬಂದಿದೆಯೋ ಇಲ್ಲವೋ ಗೊತ್ತಾಗುತ್ತದೆ. ಸರಣಿ ಬರಹವಾದರೆ ಮೊದಲ ಕಂತಿನಿಂದಲೇ ಇಳಿಸಿಕೊಳ್ಳಿ.

ಕೊನೆಗೆ, ನಿಮ್ಮ ತಾಣಗಳ ಪಟ್ಟಿಯ ಒಂದು ಪ್ರತಿ ನಿಮ್ಮ ಕೈಲಿರಲಿ. ಇಂಥ ಆ್ಯಪ್‌ಗಳು ಒಂದು ದಿನ ನಿಂತುಬಿಡಬಹುದು: 2013ರ ಜುಲೈನಲ್ಲಿ ಗೂಗಲ್‌ನ ಫೀಡ್ ರೀಡರ್ ‘ಗೂಗಲ್ ರೀಡರ್’ ನಿಂತಿತು, 2025ರ ಜುಲೈನಲ್ಲಿ ಲಿಂಕುಗಳನ್ನು ಆಮೇಲೆ ಓದಲು ಎತ್ತಿಡುವ ‘ಪಾಕೆಟ್’ ನಿಂತಿತು. ಫೀಡ್ ರೀಡರ್‌ನ ಸೆಟ್ಟಿಂಗ್ಸ್‌ನಲ್ಲಿ ‘ಒಪಿಎಂಎಲ್ ಎಕ್ಸ್‌ಪೋರ್ಟ್’ (OPML export) ಅಂತ ಹುಡುಕಿ, ಒಪಿಎಂಎಲ್ ಅಂದರೆ ತಾಣಗಳ ಪಟ್ಟಿ ಇರುವ ಫೈಲ್. ಸಿಗುವ ಫೈಲನ್ನು ನಿಮ್ಮದೇ ಇಮೇಲ್‌ಗೆ ಕಳಿಸಿಟ್ಟುಕೊಳ್ಳಿ. ನಾಳೆ ಬೇರೆ ಆ್ಯಪ್‌ಗೆ ಹೋದರೂ ಅದೊಂದನ್ನು ಹಾಕಿದರೆ ಇಡೀ ಪಟ್ಟಿ ವಾಪಸ್ ಬರುತ್ತದೆ.