ಕರ್ಲಿಂಗ್ ನೋಡಬೇಕಾ? ಮೊದಲು ಕಿವಿ ಕೊಡಿ

ಕರ್ಲಿಂಗ್ ನೋಡೋಕೆ ಹೊಸದಾಗಿ ಕೂತವರಿಗೆ ನಾನು ಹೇಳುವ ಮೊದಲ ಮಾತು: ಟಿವಿ ಸೌಂಡ್ ಜಾಸ್ತಿ ಮಾಡಿ. ನಮ್ಮವರಲ್ಲಿ ಹೆಚ್ಚಿನವರು ಈ ಆಟವನ್ನು ಚಳಿಗಾಲದ ಒಲಿಂಪಿಕ್ಸ್ ಬಂದಾಗ ಮೊಬೈಲಿನಲ್ಲಿ ತುಣುಕು ತುಣುಕಾಗಿ ನೋಡಿರುತ್ತಾರೆ. ಒಬ್ಬರು ಐಸ್ ಮೇಲೆ ಕಲ್ಲು ಬಿಡುತ್ತಾರೆ. ಇಬ್ಬರು ಅದರ ಮುಂದೆ ಬ್ರೂಮ್ ಹಿಡಿದು ಉಜ್ಜುತ್ತಾ ಓಡುತ್ತಾರೆ. ಕಸ ಗುಡಿಸಿದ ಹಾಗಿದೆ ಅಂತ ನಕ್ಕು ಮುಂದಕ್ಕೆ ಹೋಗುತ್ತಾರೆ. ಶಬ್ದ ಇಲ್ಲದೆ ನೋಡಿದರೆ ಅಷ್ಟೇ ಕಾಣೋದು.

ನಾನು ಕೆನಡಾದ ಕ್ಯಾಲ್ಗರಿಯಲ್ಲಿದ್ದೇನೆ. ಇಲ್ಲಿನ ಟಿವಿಯಲ್ಲಿ ದೊಡ್ಡ ಪಂದ್ಯ ನಡೆಯುವಾಗ ಆಟಗಾರರ ಅಂಗಿಗೆ ಮೈಕ್ ಹಾಕಿರುತ್ತಾರೆ. ಮುಂದೆ ಯಾವ ಕಲ್ಲು ಬಿಡಬೇಕು, ಯಾಕೆ ಬಿಡಬೇಕು, ತಪ್ಪಿದರೆ ಏನಾಗುತ್ತದೆ ಎಂದು ನಾಲ್ಕು ಜನ ಮಾತಾಡಿಕೊಳ್ಳುವುದೆಲ್ಲ ನಮಗೆ ಕೇಳುತ್ತದೆ. ಬೇರೆ ಯಾವ ಆಟದಲ್ಲಿ ಕ್ಯಾಪ್ಟನ್ ತಲೆಯೊಳಗಿನ ಲೆಕ್ಕ ಹೀಗೆ ಬಿಚ್ಚಿ ಇಡುತ್ತಾರೆ ಹೇಳಿ? ನನಗೆ ಈ ಆಟದ ಹುಚ್ಚು ಹಿಡಿದದ್ದು ಇಲ್ಲಿಂದಲೇ.

ನಿಯಮ ಕಷ್ಟವೇನಿಲ್ಲ. ಒಂದು ತಂಡದಲ್ಲಿ ನಾಲ್ಕು ಜನ, ತಲಾ ಎರಡು ಕಲ್ಲು. ಎರಡೂ ತಂಡದ ಹದಿನಾರು ಕಲ್ಲು ಮುಗಿದರೆ ಒಂದು ಎಂಡ್, ಅಂದರೆ ಒಂದು ಸುತ್ತು. ಕಲ್ಲು ಹೋಗಿ ನಿಲ್ಲಬೇಕಾದ ಆ ತುದಿಯ ವೃತ್ತಕ್ಕೆ ಹೌಸ್ ಅಂತಾರೆ, ಅಗಲ 12 ಅಡಿ. ನಟ್ಟನಡುವಿನ ಜಾಗ ಬಟನ್. ಬಟನ್‌ಗೆ ಯಾರ ಕಲ್ಲು ಹತ್ತಿರ ಇದೆಯೋ ಅವರಿಗೆ ಅಂಕ. ಕೇರಂ ಆಡಿದವರಿಗೆ ಇದರ ಅರ್ಧ ತಂತ್ರ ತಾನಾಗಿ ಅರ್ಥವಾಗುತ್ತದೆ: ಅಡ್ಡ ಇಡುವುದು, ಹೊಡೆದು ಓಡಿಸುವುದು, ಹಿಂದೆ ಅಡಗಿಸುವುದು. ಕೊನೆಯ ಕಲ್ಲು ಬಿಡುವ ಅವಕಾಶಕ್ಕೆ ಹ್ಯಾಮರ್ ಅನ್ನುತ್ತಾರೆ. ಇಡೀ ಲೆಕ್ಕಾಚಾರ ಅದರ ಸುತ್ತವೇ ತಿರುಗುತ್ತದೆ.

ಇನ್ನು ಕೂಗಾಟ. ಆ ತುದಿಯಲ್ಲಿ ನಿಂತ ಸ್ಕಿಪ್, ಅಂದರೆ ತಂಡದ ಕ್ಯಾಪ್ಟನ್, ಕಲ್ಲು ಹೋಗುವ ದಾರಿಯನ್ನು ಗಮನಿಸುತ್ತಾರೆ. ಕಲ್ಲಿನ ಜೊತೆ ಓಡುವ ಇಬ್ಬರು ಅದರ ವೇಗ ನೋಡುತ್ತಾರೆ. ದಾರಿಯನ್ನು ಸ್ಕಿಪ್, ವೇಗವನ್ನು ಉಜ್ಜುವವರು ಕೂಗಿ ಹೇಳಬೇಕು. "ಹರ್ರಿ ಹಾರ್ಡ್" ಅಂದರೆ ಜೀವ ಬಿಟ್ಟು ಉಜ್ಜಿ. "ವೋ" ಅಂದರೆ ನಿಲ್ಲಿಸಿ. ಉಜ್ಜುವವರು ನಡುವೆ "ಐದು", "ಆರು" ಅಂತ ಸಂಖ್ಯೆ ಕೂಗುವುದನ್ನೂ ಕೇಳಬಹುದು. ಅದು ಕಲ್ಲು ಎಲ್ಲಿ ನಿಲ್ಲಬಹುದು ಎಂಬ ಅಂದಾಜು. ಒಂದರಿಂದ ಮೂರು ಹೌಸ್‌ಗೆ ಮುಂಚೆ, ನಾಲ್ಕಕ್ಕೆ ಹೌಸ್ ಒಳಗೆ, ಏಳು ಅಂದರೆ ನಟ್ಟನಡುವೆ, ಹತ್ತು ಅಂದರೆ ಹೌಸ್‌ನ ಹಿಂದಿನ ಅಂಚು. ಈ ಸಂಖ್ಯೆಗಳು ತಿಳಿದ ಮೇಲೆ ಒಂದೊಂದು ಕಲ್ಲು ಹೋಗುವ ಇಪ್ಪತ್ತು ಚಿಲ್ಲರೆ ಸೆಕೆಂಡೂ ಉಸಿರು ಬಿಗಿಹಿಡಿಯುವಂತಾಗುತ್ತದೆ.

ಒಂದು ಕೂಗೇ ಇಡೀ ದೇಶದ ಮನೆಮಾತಾದ ಕಥೆ ಗೊತ್ತಲ್ವಾ? 2018ರ ಪ್ಯೋಂಗ್‌ಚಾಂಗ್ ಒಲಿಂಪಿಕ್ಸ್‌ನಲ್ಲಿ ದಕ್ಷಿಣ ಕೊರಿಯಾದ ಸ್ಕಿಪ್ ಕಿಮ್ ಯೂನ್‌ಜಂಗ್, ದೊಡ್ಡ ಕನ್ನಡಕ ಹಾಕಿಕೊಂಡು, ಮುಖದಲ್ಲಿ ಒಂದಿಷ್ಟೂ ಅಳುಕಿಲ್ಲದೆ, ಉಜ್ಜುವ ಗೆಳತಿಯನ್ನು "ಯಂಗ್‌ಮಿ!" ಅಂತ ಕೂಗುತ್ತಿದ್ದರು. ಒಮ್ಮೆ ಗಟ್ಟಿಯಾಗಿ, ಒಮ್ಮೆ ಉದ್ದಕ್ಕೆ ಎಳೆದು, ಒಮ್ಮೆ ಮೆಲ್ಲಗೆ. ಆ ಹೆಸರು ಕೊರಿಯಾದ ಬೀದಿ ಬೀದಿಯಲ್ಲಿ ಕೇಳಿಸಿತು. ಬೆಳ್ಳುಳ್ಳಿಗೆ ಹೆಸರಾದ ಉಯ್‌ಸಂಗ್ ಎಂಬ ಊರಿನವರಾದ್ದರಿಂದ ಜನ ಈ ತಂಡವನ್ನು ಬೆಳ್ಳುಳ್ಳಿ ಹುಡುಗಿಯರು ಅಂದರು. ತಂಡದ ಎಲ್ಲರ ಮನೆತನದ ಹೆಸರೂ ಕಿಮ್. ಫೈನಲ್‌ನಲ್ಲಿ ಸ್ವೀಡನ್‌ಗೆ ಸೋತು ಬೆಳ್ಳಿ ಪಡೆದರು. ಹೈಸ್ಕೂಲು ದಿನಗಳಲ್ಲಿ ಸಣ್ಣ ಊರಿನ ಕರ್ಲಿಂಗ್ ಕೇಂದ್ರದಲ್ಲಿ ಆಟ ಕಲಿತವರು ಅಲ್ಲಿವರೆಗೆ ಬಂದದ್ದು ನನಗೆ ಇವತ್ತಿಗೂ ರೋಮಾಂಚನ ತರುತ್ತದೆ.

ಅದೇ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಜಾನ್ ಶುಸ್ಟರ್ ತಂಡ ಸ್ವೀಡನ್ ಪುರುಷರನ್ನು 10-7ರಿಂದ ಸೋಲಿಸಿ ಚಿನ್ನ ಗೆದ್ದಿತು. ಎಂಟನೇ ಎಂಡ್‌ನಲ್ಲಿ ಒಂದೇ ಬಾರಿಗೆ ಐದು ಅಂಕ! ಹಳೆಯ ಟಿವಿ ತಾರೆ ಮಿಸ್ಟರ್ ಟಿ ದಿನವೂ ಕರ್ಲಿಂಗ್ ಬಗ್ಗೆ ಟ್ವೀಟ್ ಮಾಡಿ ಅವರನ್ನು ಹುರಿದುಂಬಿಸಿದ್ದರು. ಅದಕ್ಕೂ ಎಂಟು ವರ್ಷ ಮುಂಚೆ, 2010ರ ವ್ಯಾಂಕೂವರ್‌ನಲ್ಲಿ, ನಾರ್ವೆಯ ಥಾಮಸ್ ಉಲ್ಸ್‌ರುಡ್ ತಂಡ ಕೆಂಪು, ಬಿಳಿ, ನೀಲಿ ಚೌಕಳಿಯ ಪ್ಯಾಂಟ್ ಹಾಕಿಕೊಂಡು ಬಂದು ಜಗತ್ತಿನ ಕಣ್ಣು ಸೆಳೆಯಿತು. ಅಮೆರಿಕದ ಒಂದು ಗಾಲ್ಫ್ ಉಡುಪಿನ ಕಂಪನಿಯಿಂದ ತರಿಸಿದ ಪ್ಯಾಂಟ್ ಅದು. ಆ ಪ್ಯಾಂಟ್‌ಗಳಿಗೇ ಫೇಸ್‌ಬುಕ್‌ನಲ್ಲಿ ಲಕ್ಷಗಟ್ಟಲೆ ಅಭಿಮಾನಿಗಳಾದರು. ಜನ ಪ್ಯಾಂಟ್ ನೋಡೋಕೆ ಬಂದು ಆಟಕ್ಕೆ ಉಳಿದುಕೊಂಡರು. ಉಲ್ಸ್‌ರುಡ್ 2022ರಲ್ಲಿ, ಐವತ್ತನೇ ವಯಸ್ಸಿನಲ್ಲಿ ತೀರಿಕೊಂಡಾಗ ಇಲ್ಲಿನ ಕ್ಲಬ್‌ಗಳಲ್ಲಿ ನಿಜವಾದ ದುಃಖ ಇತ್ತು. ವ್ಯಾಂಕೂವರ್ ಫೈನಲ್‌ನಲ್ಲಿ ಅವರನ್ನು ಸೋಲಿಸಿದ್ದು ನಮ್ಮ ಆಲ್ಬರ್ಟಾ ಪ್ರಾಂತ್ಯದ ಕೆವಿನ್ ಮಾರ್ಟಿನ್. ಆದರೂ ಉಲ್ಸ್‌ರುಡ್ ಅಂದರೆ ಇಲ್ಲಿಯವರಿಗೆ ತಮ್ಮವರೇ.

ವ್ಯಾಂಕೂವರ್ ಕ್ರೀಡಾಕೂಟ ನಡೆಯುತ್ತಿದ್ದಾಗಲೇ ಸಿಂಪ್ಸನ್ಸ್ ಕಾರ್ಟೂನಿನಲ್ಲಿ ಹೋಮರ್ ಮತ್ತು ಮಾರ್ಜ್ ಕರ್ಲಿಂಗ್ ಆಡುವ ಕಂತೂ ಬಂತು. ಅದು ಚೆನ್ನಾಗಿದೆ. ಆದರೆ ಹಾಸ್ಯದ ಮೂಲಕ ಬಂದವರಿಗಿಂತ ಒಬ್ಬ ಆಟಗಾರ್ತಿಯ ದನಿ ಕೇಳಿ ಬಂದವರು ಜಾಸ್ತಿ ದಿನ ಉಳಿಯುತ್ತಾರೆ ಅನ್ನುವುದು ನನ್ನ ಅಭಿಪ್ರಾಯ.

ಆಡಿ ನೋಡದಿದ್ದರೆ ಅಭಿಮಾನ ಅರ್ಧವೇ ಅನ್ನಿಸಿ ಹತ್ತಿರದ ಕ್ಲಬ್‌ನಲ್ಲಿ ಹೊಸಬರ ಲೀಗ್‌ಗೆ ಸೇರಿದೆ. ಮೊದಲ ಸಲ ಐಸ್ ಮೇಲೆ ಕಾಲಿಟ್ಟಾಗ ಆಶ್ಚರ್ಯವಾದದ್ದು ಅದು ನುಣುಪಾಗಿಲ್ಲ ಅನ್ನುವುದು. ಬೆನ್ನಿಗೆ ನೀರಿನ ಡಬ್ಬ ಕಟ್ಟಿಕೊಂಡು ಹಿಂದಕ್ಕೆ ನಡೆಯುತ್ತಾ ಸಣ್ಣ ಹನಿಗಳನ್ನು ಎರಚುತ್ತಾರೆ. ಅವು ಹೆಪ್ಪುಗಟ್ಟಿ ಗುಳ್ಳೆ ಗುಳ್ಳೆಯಾಗುತ್ತವೆ. ಇದಕ್ಕೆ ಪೆಬಲ್ ಅಂತಾರೆ. ಕಲ್ಲಿನ ತಳ ಒಳಗೆ ತಗ್ಗಾಗಿದ್ದು, ಒಂದು ತೆಳು ಉಂಗುರದಷ್ಟು ಭಾಗ ಮಾತ್ರ ಈ ಗುಳ್ಳೆಗಳ ಮೇಲೆ ಜಾರುತ್ತದೆ. ಹಾಗೆ ಜಾರುವಾಗ ಗುರ್ ಅಂತ ಒಂದು ಶಬ್ದ ಬರುತ್ತದೆ. ಸ್ಕಾಟ್ಲೆಂಡಿನವರು ಇದನ್ನು ಗರ್ಜಿಸುವ ಆಟ ಅನ್ನುವುದು ಸುಮ್ನೆ ಅಲ್ಲ.

ಕಲ್ಲು ಬಾಗಿ ಹೋಗುವುದಂತೂ ಅಚ್ಚರಿಯ ವಿಷಯ. ಮನೆಯಲ್ಲೇ ಮಾಡಿ ನೋಡಿ. ಅಡುಗೆಮನೆಯ ಕಟ್ಟೆ ಮೇಲೆ ಸ್ಟೀಲ್ ಲೋಟ ಬೋರಲು ಹಾಕಿ, ಗಡಿಯಾರದ ಮುಳ್ಳು ತಿರುಗುವ ಹಾಗೆ ತಿರುಗಿಸುತ್ತಾ ಮುಂದಕ್ಕೆ ತಳ್ಳಿ. ಲೋಟ ಎಡಕ್ಕೆ ವಾಲುತ್ತದೆ. ಕರ್ಲಿಂಗ್ ಕಲ್ಲು ಹಾಗೇ ತಿರುಗಿದರೆ ಬಲಕ್ಕೆ ಹೋಗುತ್ತದೆ! ಯಾಕೆ ಅನ್ನುವುದರ ಬಗ್ಗೆ ಭೌತವಿಜ್ಞಾನಿಗಳು ಇನ್ನೂ ವಾದ ಮಾಡುತ್ತಿದ್ದಾರೆ.

ಸಾಮಾನಿನ ವಿಷಯಕ್ಕೆ ಬರೋಣ. ಕಲ್ಲನ್ನು ಯಾರೂ ಕೊಳ್ಳಬೇಕಿಲ್ಲ, ಅದು ಕ್ಲಬ್‌ನದು. ತೂಕ 20 ಕಿಲೋಗೆ ಸ್ವಲ್ಪ ಕಡಿಮೆ. ಒಲಿಂಪಿಕ್ಸ್ ಕಲ್ಲುಗಳ ಗ್ರಾನೈಟ್ ಬರುವುದು ಸ್ಕಾಟ್ಲೆಂಡ್ ಕರಾವಳಿಯ ಏಲ್ಸಾ ಕ್ರೇಗ್ ಎಂಬ ಜನವಸತಿಯಿಲ್ಲದ ದ್ವೀಪದಿಂದ. ಅಲ್ಲಿ ಹಕ್ಕಿಗಳು ಗೂಡು ಕಟ್ಟುತ್ತವೆ, ಹಾಗಾಗಿ ಸಿಡಿಮದ್ದು ಇಡುವಂತಿಲ್ಲ. ಕೆಲವು ವರ್ಷಕ್ಕೊಮ್ಮೆ ಹೋಗಿ ಬಂಡೆ ತರುತ್ತಾರೆ.

ನೀವು ಮೊದಲು ಕೊಳ್ಳಬೇಕಾದ್ದು ಶೂ. ಬಲಗೈಯವರಾದರೆ ಎಡಗಾಲಿನ ಅಡಿಗೆ ಜಾರುವ ಟೆಫ್ಲಾನ್ ಸ್ಲೈಡರ್, ಬಲಗಾಲಿಗೆ ಹಿಡಿತದ ರಬ್ಬರ್. ನಾನು ಮಾಡಿದ್ದು ಹೀಗೆ: ಮೊದಲ ಸೀಸನ್ ಪೂರ್ತಿ ಮಾಮೂಲಿ ಶೂ ಮೇಲೆ ಕ್ಲಬ್ ಕೊಟ್ಟ ಸ್ಲೈಡರ್ ಹಾಕಿಕೊಂಡೆ. ನನ್ನ ಬ್ಯಾಲೆನ್ಸ್ ಹೇಗಿದೆ ಅಂತ ಗೊತ್ತಾದ ಮೇಲೆ ಸ್ವಂತದ್ದು ಕೊಂಡೆ. ಸ್ಲೈಡರ್ ದಪ್ಪ ಆದಷ್ಟೂ ಜಾಸ್ತಿ ಜಾರುತ್ತದೆ, ಹೊಸಬರಿಗೆ ತೆಳುವಾದದ್ದೇ ಸರಿ. ಐಸ್‌ಗೆ ಹಾಕುವ ಶೂನಲ್ಲಿ ಬೀದಿಗೆ ಕಾಲಿಡಬೇಡಿ. ಒಂದು ಮರಳಿನ ಕಣ ಬಿದ್ದರೂ ಬೇರೆಯವರ ಕಲ್ಲು ಹಾಳು. ತಲೆಗೆ ದಪ್ಪ ಪ್ಯಾಡ್ ಇರುವ ಪಟ್ಟಿ ಕಟ್ಟಿಕೊಳ್ಳಿ, ನಾಚಿಕೆ ಬೇಡ. ಬಗ್ಗಲು ಆಗದವರಿಗೆ ಕಲ್ಲು ತಳ್ಳುವ ಕೋಲು ಸಿಗುತ್ತದೆ. ವಯಸ್ಸಾದವರು ಅದರಲ್ಲೇ ಎಷ್ಟು ಚೆನ್ನಾಗಿ ಆಡುತ್ತಾರೆ ಗೊತ್ತಾ!

ಬ್ರೂಮ್‌ಗೆ ಒಂದು ದೊಡ್ಡ ಇತಿಹಾಸವೇ ಇದೆ. ಹಿಂದೆ ಹುಲ್ಲಿನ ಪೊರಕೆ, ಆಮೇಲೆ ಕುದುರೆ ಕೂದಲು, ಈಗ ಕಾರ್ಬನ್ ಫೈಬರ್ ಹಿಡಿಯ ತುದಿಯಲ್ಲಿ ಬಟ್ಟೆ ಸುತ್ತಿದ ಫೋಮ್. ಉಜ್ಜಿದರೆ ಐಸ್ ಸ್ವಲ್ಪ ಬಿಸಿಯಾಗುತ್ತದೆ, ಕಲ್ಲು ಇನ್ನೂ ದೂರ, ಇನ್ನೂ ನೇರ ಹೋಗುತ್ತದೆ. 2015ರ ಸುಮಾರಿಗೆ ಒರಟು ಬಟ್ಟೆಯ ಹೊಸ ಬ್ರೂಮ್‌ಗಳು ಬಂದವು. ಅವುಗಳಿಂದ ಉಜ್ಜಿ ಕಲ್ಲನ್ನು ಬೇಕಾದ ಕಡೆ ತಿರುಗಿಸಬಹುದಿತ್ತು. ಎಸೆದವರ ಕೈಚಳಕಕ್ಕೆ ಬೆಲೆಯೇ ಇಲ್ಲದಂತಾಯಿತು. ಆಗ ಉನ್ನತ ತಂಡಗಳೇ ಮುಂದೆ ಬಂದು, ನಾವು ಇದನ್ನು ಬಳಸುವುದಿಲ್ಲ ಅಂತ ಸಹಿ ಹಾಕಿದವು. 2016ರಲ್ಲಿ ಕೆನಡಾದಲ್ಲೇ ಪರೀಕ್ಷೆ ನಡೆಸಿ, ದೊಡ್ಡ ಪಂದ್ಯಗಳಿಗೆಲ್ಲ ಒಂದೇ ಬಟ್ಟೆ ಅಂತ ವಿಶ್ವ ಕರ್ಲಿಂಗ್ ಸಂಸ್ಥೆ ನಿಯಮ ಮಾಡಿತು. ಗೆಲ್ಲಿಸುವ ಸಾಮಾನನ್ನು ಆಟಗಾರರೇ ಬೇಡ ಅಂದದ್ದು ಸಣ್ಣ ಮಾತಲ್ಲ. ಕ್ಲಬ್ ಆಟದಲ್ಲೂ ಅದೇ ರೀತಿ. ಅಂಪೈರ್ ಇರುವುದಿಲ್ಲ. ಕಲ್ಲಿಗೆ ನಿಮ್ಮ ಬ್ರೂಮ್ ತಗುಲಿದರೆ ನೀವೇ ಹೇಳಬೇಕು. ಆಟ ಶುರುವಾಗುವ ಮುಂಚೆ ಕೈಕುಲುಕುತ್ತೀರಿ, ಮುಗಿದ ಮೇಲೆ ಗೆದ್ದವರು ಸೋತವರಿಗೆ ಕುಡಿಯಲು ಕೊಡಿಸುತ್ತಾರೆ. ನನಗೆ ಹಾಟ್ ಚಾಕಲೇಟ್.

ಅಭಿಮಾನಿಗೆ ಬೇಕಾದ ಅತಿ ಒಳ್ಳೆ ಸಾಮಾನು ಯಾವುದು ಅಂದರೆ ಒಂದು ಸ್ಟಾಪ್‌ವಾಚ್. ಕಲ್ಲು ಈ ತುದಿಯ ಹಾಗ್ ಲೈನ್ (ಐಸ್‌ಗೆ ಅಡ್ಡ ಎಳೆದ ಗೆರೆ) ದಾಟಿದಾಗ ಒತ್ತಿ, ಆ ತುದಿಯ ಹಾಗ್ ಲೈನ್ ಮುಟ್ಟಿದಾಗ ನಿಲ್ಲಿಸಿ. ನಡುವೆ 72 ಅಡಿ. ಒಳ್ಳೆ ಐಸ್‌ನಲ್ಲಿ ಹೌಸ್ ನಡುವೆ ನಿಲ್ಲುವ ಕಲ್ಲಿಗೆ ಸುಮಾರು 14 ಸೆಕೆಂಡ್ ಹಿಡಿಯುತ್ತದೆ. ಜೋರಾಗಿ ಹೊಡೆಯುವ ಕಲ್ಲಿಗೆ ಅದಕ್ಕಿಂತ ಬಹಳ ಕಡಿಮೆ. ನಾಲ್ಕೈದು ಕಲ್ಲು ಅಳೆದರೆ ಇವತ್ತಿನ ಐಸ್ ಹೇಗಿದೆ ಎಂದು ನಿಮಗೂ ತಿಳಿಯುತ್ತದೆ.

2024ರ ಫೆಬ್ರವರಿಯಲ್ಲಿ ಮಹಿಳೆಯರ ರಾಷ್ಟ್ರೀಯ ಪಂದ್ಯಾವಳಿ ಸ್ಕಾಟೀಸ್ ಕ್ಯಾಲ್ಗರಿಯಲ್ಲೇ ನಡೆಯಿತು. ಆಗ ಅರಸೀಕೆರೆಯಿಂದ ನಮ್ಮ ಮಾವ ಬಂದಿದ್ದರು. ಅವರನ್ನೂ ಕರೆದುಕೊಂಡು ಹೋದೆ. ಒಂದೇ ಹಾಲ್‌ನಲ್ಲಿ ನಾಲ್ಕು ಪಂದ್ಯ ಒಟ್ಟಿಗೆ, ನಾಲ್ಕು ಕಡೆಯಿಂದ ಕೂಗು.

"ಏನಮ್ಮಾ, ಆ ಹುಡುಗಿ ಕಲ್ಲನ್ನ ಬೈತಿದಾಳಾ?"

"ಇಲ್ಲ ಮಾವ, ಉಜ್ಜೋರಿಗೆ ದಾರಿ ಹೇಳ್ತಿದಾರೆ. ಈ ವಾಚ್ ಹಿಡ್ಕೊಳ್ಳಿ."

ಮೂರನೇ ಎಂಡ್ ಹೊತ್ತಿಗೆ ಅವರು ವಾಚ್ ನನಗೆ ವಾಪಸ್ ಕೊಡಲೇ ಇಲ್ಲ. "ಹದಿಮೂರೂವರೆ, ಇದರ ವೇಗ ಜಾಸ್ತಿ ಆಯ್ತು, ಹಿಂದಕ್ಕೆ ಹೋಗುತ್ತೆ ನೋಡು" ಅಂದರು. ಹಾಗೇ ಆಯಿತು. ಪಕ್ಕದ ಸೀಟಿನ ಅಜ್ಜಿ ಅವರಿಗೆ ತಮ್ಮ ಕ್ಲಬ್‌ನ ಪಿನ್ ಒಂದನ್ನು ಕೊಟ್ಟರು.

ಫೈನಲ್ ನಾನು ಒಬ್ಬಳೇ ನೋಡಿದೆ. ಜೆನಿಫರ್ ಜೋನ್ಸ್ ಅವರ ಕೊನೆಯ ಸ್ಕಾಟೀಸ್ ಅದು. ಆರು ಸಲ ಗೆದ್ದವರು, 2014ರ ಒಲಿಂಪಿಕ್ಸ್‌ನಲ್ಲಿ ಒಂದೂ ಪಂದ್ಯ ಸೋಲದೆ ಚಿನ್ನ ತಂದವರು. 2005ರ ಫೈನಲ್‌ನಲ್ಲಿ ಕೊನೆಯ ಕಲ್ಲಿಂದ, ಹೌಸ್ ಹೊರಗಿದ್ದ ಕಲ್ಲೊಂದಕ್ಕೆ ತಾಗಿಸಿ, ಒಳಗಿದ್ದ ಎದುರಾಳಿಯ ಕಲ್ಲನ್ನು ಓಡಿಸಿ, ನಾಲ್ಕು ಅಂಕ ಗಳಿಸಿ ಗೆದ್ದಿದ್ದರು. ಕೆನಡಾದಲ್ಲಿ ಆ ಹೊಡೆತವನ್ನು ನೆನೆಯದ ಅಭಿಮಾನಿ ಇಲ್ಲ. ಈ ಸಲ ರೇಚಲ್ ಹೋಮನ್ ತಂಡ 5-4ರಿಂದ ಗೆದ್ದಿತು. ಎರಡೂ ತಂಡಕ್ಕೆ ಜನ ಚಪ್ಪಾಳೆ ತಟ್ಟಿದರು. ಇಲ್ಲಿ ಎದುರಾಳಿ ತಪ್ಪಿದಾಗ ಸಂಭ್ರಮಿಸುವುದು ಒಳ್ಳೆಯ ನಡತೆ ಅಲ್ಲ.

ಮುಂದಿನ ವರ್ಷ ಪುರುಷರ ಪಂದ್ಯಾವಳಿ ಬ್ರೈಯರ್ ನೋಡೋಕೆ ಸುಮಾರು 600 ಕಿಲೋಮೀಟರ್ ದೂರದ ಕೆಲೋನಾಗೆ ಹೋದೆವು. ಬ್ರೈಯರ್ 1927ರಲ್ಲಿ ಟೊರೊಂಟೊದಲ್ಲಿ ಶುರುವಾದದ್ದು. ಪ್ರತಿ ಪ್ರಾಂತ್ಯಕ್ಕೆ ತನ್ನ ಬಣ್ಣದ ಜಾಕೆಟ್. ಸಸ್ಕ್ಯಾಚೆವಾನ್‌ನವರ ಹಸಿರು ದೂರದಿಂದಲೇ ಕಾಣುತ್ತದೆ. ಪಂದ್ಯ ಮುಗಿದ ಮೇಲೆ ಎಲ್ಲರೂ ಸೇರುವ ಜಾಗಕ್ಕೆ ಪ್ಯಾಚ್ ಅಂತಾರೆ. ಹಾಡು, ಕುಣಿತ, ಊಟ ಎಲ್ಲ ಅಲ್ಲೇ. ಸ್ವಲ್ಪ ಹೊತ್ತಿನ ಮುಂಚೆ ಐಸ್ ಮೇಲಿದ್ದ ಆಟಗಾರರೂ ಬರುತ್ತಾರೆ. ಆಲ್ಬರ್ಟಾದ ಬ್ರ್ಯಾಡ್ ಜೇಕಬ್ಸ್ ತಂಡ ಗೆದ್ದಾಗ ನಾವು ಕೂಗಿದ ಕೂಗಿಗೆ ಮರುದಿನ ಗಂಟಲೇ ಇರಲಿಲ್ಲ.

ಹೋಗುವವರಿಗೆ ಎರಡು ಮಾತು. ಪಿನ್‌ಗಳನ್ನು ಒಯ್ಯಿರಿ. ಪ್ರತಿ ಕ್ಲಬ್‌ಗೂ ತನ್ನ ಪಿನ್ ಇರುತ್ತದೆ, ಜನ ಹಳೆಯ ಟೋಪಿ, ಜಾಕೆಟ್ ತುಂಬ ಚುಚ್ಚಿಕೊಂಡು ಬಂದಿರುತ್ತಾರೆ. ಒಂದು ಕೊಟ್ಟು ಒಂದು ತೆಗೆದುಕೊಳ್ಳುವುದು ಪದ್ಧತಿ, ದುಡ್ಡು ಕೇಳಬೇಡಿ. ನಮ್ಮ ಕನ್ನಡ ಸಂಘದ ಹಳದಿ-ಕೆಂಪು ಪಿನ್ ಒಯ್ದಿದ್ದೆ, ಅದಕ್ಕೆ ಬಲು ಬೇಡಿಕೆ ಬಂತು. ಇನ್ನೊಂದು, ಕೂರಲು ದಪ್ಪ ದಿಂಬು ಮತ್ತು ಒಂದು ಕಂಬಳಿ. ಒಂದು ಪಂದ್ಯ ಎರಡೂವರೆ, ಮೂರು ಗಂಟೆ, ದಿನಕ್ಕೆ ಮೂರು ಹೊತ್ತು. ಒಳಗೆ ಚಳಿ ಇರುತ್ತದೆ.

ಆಡಿಯೇ ನೋಡುತ್ತೇನೆ ಅನ್ನುವವರು ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ನಿಮ್ಮೂರಿನ ಕ್ಲಬ್‌ಗೆ ಫೋನ್ ಮಾಡಿ. ಹೊಸಬರಿಗೆ ಕಲಿಸುವ ದಿನ ಇಟ್ಟಿರುತ್ತಾರೆ. ತೊಳೆದ ಶೂ, ಹಿಗ್ಗುವ ಪ್ಯಾಂಟ್ ಇದ್ದರೆ ಸಾಕು, ಉಳಿದದ್ದನ್ನು ಅವರೇ ಕೊಡುತ್ತಾರೆ.