ಕುಂಟುವ ಹೇಂಟೆಗೆ ಮನೆಯಲ್ಲೇ ಆರೈಕೆ

ಸಂಜೆ ಕೋಳಿಗಳೆಲ್ಲ ಗೂಡು ಸೇರುವ ಹೊತ್ತಿನಲ್ಲಿ ಒಂದು ಹೇಂಟೆ ಮಾತ್ರ ಹಿತ್ತಲಿನ ಬಾಳೆಬುಡದಲ್ಲೇ ಕುಳಿತಿದ್ದರೆ, ಅಥವಾ ಎರಡು ಹೆಜ್ಜೆಗೊಮ್ಮೆ ಒಂದು ಕಾಲನ್ನು ಎತ್ತಿ ಹಿಡಿದು ನಿಲ್ಲುತ್ತಿದ್ದರೆ, ಅದನ್ನು ಅಂದೇ ಹಿಡಿದು ನೋಡಬೇಕು. ಕೋಳಿ ತನ್ನ ನೋವನ್ನು ಆದಷ್ಟು ದಿನ ಮುಚ್ಚಿಟ್ಟುಕೊಳ್ಳುವ ಜೀವಿ. ಸೋತಂತೆ ಕಂಡರೆ ಜೊತೆಯವೇ ಕುಕ್ಕುತ್ತವೆ. ಹದ್ದು, ಮುಂಗುಸಿಗಳ ಕಣ್ಣೂ ಮೊದಲು ಬೀಳುವುದು ಅದರ ಮೇಲೆಯೇ. ಹೀಗಾಗಿ ಕುಂಟುವುದು ನಮಗೆ ಕಾಣಿಸುವ ಹೊತ್ತಿಗೆ ಎಷ್ಟೋ ಸಲ ತೊಂದರೆ ಸಾಕಷ್ಟು ಬಲಿತಿರುತ್ತದೆ.

ನಮ್ಮ ಕುಮಟಾ, ಅಂಕೋಲಾ ಕಡೆಯ ಹಳ್ಳಿಗಳಲ್ಲಿ ಕೋಳಿ ಕುಂಟಿದರೆ ಅರಿಶಿನ–ಸುಣ್ಣ ಮೆತ್ತಿ ಬಿಡುವವರಿದ್ದಾರೆ. ಎರಡು ದಿನ ನೋಡಿ ಸಾರಿಗೆ ಹಾಕುವವರೂ ಇದ್ದಾರೆ. ಸಾಕಿ ಹೆಸರಿಟ್ಟ ಹೇಂಟೆಯನ್ನು ಉಳಿಸಿಕೊಳ್ಳಬೇಕು ಎನ್ನುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಹತ್ತಾರು ಕಾರಣಗಳಿಂದ ಕೋಳಿ ಕುಂಟಬಹುದು. ಒಂದಕ್ಕೆ ಹಿಡಿಸುವ ಮದ್ದು ಇನ್ನೊಂದಕ್ಕೆ ತಾಗುವುದಿಲ್ಲ, ಕೆಲವೊಮ್ಮೆ ಕೇಡನ್ನೇ ಮಾಡುತ್ತದೆ. ಆದ್ದರಿಂದ ಮೊದಲ ಅರ್ಧ ಗಂಟೆಯನ್ನು ಪೂರ್ತಿಯಾಗಿ ನೋಡುವುದಕ್ಕೇ ಮೀಸಲಿಡಿ.

ಹಗಲಿನಲ್ಲಿ ಅಟ್ಟಿಸಿಕೊಂಡು ಹೋಗಿ ಹಿಡಿಯಬೇಡಿ. ನೊಂದ ಕಾಲು ಇನ್ನಷ್ಟು ನೋಯುತ್ತದೆ. ಕತ್ತಲಾದ ಮೇಲೆ ಕೋಳಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲವಾದ್ದರಿಂದ, ಗೂಡಿನಲ್ಲಿ ಕುಳಿತಿರುವಾಗ ಎರಡೂ ರೆಕ್ಕೆಗಳನ್ನು ಮೈಗೆ ಒತ್ತಿ ಹಿಡಿದು ಮೆಲ್ಲಗೆ ಎತ್ತಿಕೊಳ್ಳಬಹುದು. ಸಂತೆಯಲ್ಲಿ ಮಾಡುವಂತೆ ಕಾಲು ಹಿಡಿದು ತಲೆಕೆಳಗಾಗಿ ತೂಗಿಸುವುದಂತೂ ಕೂಡದು. ಎದೆಯನ್ನೂ ಬಿಗಿಯಾಗಿ ಅದುಮಬಾರದು, ಏಕೆಂದರೆ ಕೋಳಿಗೆ ನಮ್ಮಂತೆ ವಪೆ (ಎದೆ–ಹೊಟ್ಟೆಗಳ ನಡುವೆ ಉಸಿರಾಟಕ್ಕೆ ನೆರವಾಗುವ ಸ್ನಾಯುಪರದೆ) ಇಲ್ಲ. ಎದೆಗೂಡು ಹಿಗ್ಗಿ ಕುಗ್ಗಿದರೆ ಮಾತ್ರ ಅದು ಉಸಿರಾಡಬಲ್ಲದು. ಹಳೆಯ ಟವೆಲ್ಲಿನಲ್ಲಿ ಸುತ್ತಿ, ತಲೆಯ ಮೇಲೆ ಬಟ್ಟೆಯ ಸೆರಗೊಂದನ್ನು ಎಳೆದು ಮಡಿಲಲ್ಲಿ ಇಟ್ಟುಕೊಂಡರೆ ಹೆಚ್ಚಿನ ಹೇಂಟೆಗಳು ಸುಮ್ಮನಾಗುತ್ತವೆ. ಒಬ್ಬರು ಹಿಡಿದುಕೊಂಡು, ಇನ್ನೊಬ್ಬರು ಟಾರ್ಚ್ ಹಾಕಿ ನೋಡುವುದು ಒಳ್ಳೆಯದು.

ನೋಡುವಾಗ ಬೆರಳ ತುದಿಯಿಂದ ಮೇಲಕ್ಕೆ ಹೋಗಬೇಕು. ಇದನ್ನು ನಾನು ಕಲಿತದ್ದು ನಮ್ಮ ಕೆಂಪಿಯಿಂದ. ಅದು ಒಂದು ವಾರ ಕುಂಟಿತ್ತು. ನಾನು ತೊಡೆ ಉಳುಕಿರಬೇಕೆಂದು ತಿಳಿದು ದಿನವೂ ಎಣ್ಣೆ ನೀವುತ್ತಿದ್ದೆ. ಪಕ್ಕದ ಮನೆಯ ಅಜ್ಜಿ ಬಂದು, ‘ತಂಗೀ, ತೊಡೆ ಆಮೇಲೆ, ಮೊದಲು ಬೆರಳ ಸಂದಿ ಬಿಡಿಸಿ ನೋಡು’ ಎಂದರು. ನಡುಬೆರಳಿನ ಬುಡದಲ್ಲಿ ಕೂದಲೆಳೆಯಷ್ಟು ತೆಳ್ಳಗಿನ, ಹಸಿರು ಬಣ್ಣದ ನೈಲಾನ್ ಬಲೆಯ ಎಳೆ ಮೂರು ಸುತ್ತು ಸುತ್ತಿಕೊಂಡು, ಚರ್ಮದೊಳಗೆ ಹೂತು, ಮೇಲೆ ಮಣ್ಣು ಮೆತ್ತಿಕೊಂಡಿತ್ತು. ಅದರ ಮುಂದಿನ ಬೆರಳು ಊದಿ ಕಪ್ಪಾಗತೊಡಗಿತ್ತು. ದಂಡೆಯ ಊರುಗಳಲ್ಲಿ ಬಲೆ ಕಟ್ಟುವಾಗ, ಹರಿದದ್ದನ್ನು ನೇಯುವಾಗ ಬಿದ್ದ ತುಂಡುಗಳು, ಘಟ್ಟದ ಮೇಲೆ ಚೀಲದ ಪ್ಲಾಸ್ಟಿಕ್ ದಾರ, ಎಲ್ಲ ಕಡೆಯೂ ಹೆಂಗಸರ ತಲೆಗೂದಲು, ಇವು ಕೆದಕುವ ಕಾಲಿಗೆ ಸುತ್ತಿಕೊಳ್ಳುವುದು ತೀರಾ ಸಾಮಾನ್ಯ. ಹೀಗೆ ದಾರ ಸಿಕ್ಕರೆ ಎಳೆಯಬೇಡಿ, ಎಳೆದರೆ ಇನ್ನಷ್ಟು ಬಿಗಿಯುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಮಣ್ಣನ್ನು ತೊಳೆದು, ಮೊಂಡು ತುದಿಯ ಸಣ್ಣ ಕತ್ತರಿಯಿಂದ ಒಂದೊಂದೇ ಸುತ್ತನ್ನು ಕತ್ತರಿಸಿ, ಚಿಮಟದಿಂದ ಬಿಡಿಸಿ. ಎಲ್ಲ ಸುತ್ತೂ ಹೊರಬಂತೇ ಎಂದು ಎರಡು ಸಲ ನೋಡಿ. ಬಳಿಕ ಪೊವಿಡೋನ್ ಅಯೋಡಿನ್ ಎಂಬ ನಂಜುನಿವಾರಕ ಹಚ್ಚಿ. ಕೆಂಪಿಯ ಆ ಬೆರಳಿನ ತುದಿ ಉಳಿಯಲಿಲ್ಲ. ನಾನು ಎಣ್ಣೆ ನೀವುತ್ತ ಕಳೆದ ಆ ಏಳು ದಿನಗಳನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಬೆರಳುಗಳು ಸರಿಯಿದ್ದರೆ ಅಂಗಾಲನ್ನು ತಿರುಗಿಸಿ ನೋಡಿ. ಅಂಗಾಲಿನ ಮಧ್ಯದಲ್ಲಿ ಕಪ್ಪು ಅಥವಾ ಕಂದು ಬಣ್ಣದ, ಗುಂಡಗಿನ, ಗಟ್ಟಿ ಹೊಪ್ಪಳೆ ಕಂಡರೆ, ಸುತ್ತಲೂ ಬಿಸಿಯಾಗಿ ಊದಿದ್ದರೆ, ಅದು ಅಂಗಾಲಿನ ಬಾವು. ಸಣ್ಣ ಗಾಯದ ಮೂಲಕ ಹೆಚ್ಚಾಗಿ ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾ ಒಳಸೇರುವುದರಿಂದ ಇದು ಆಗುತ್ತದೆ. ನಮ್ಮ ಜಿಲ್ಲೆಯಲ್ಲಿ ಇದು ಹೆಚ್ಚಲು ಎರಡು ಕಾರಣಗಳಿವೆ. ಒಂದು, ಚಿರೇಕಲ್ಲು: ಕೋಳಿ ಎತ್ತರದ ಪಾಗಾರದಿಂದ ಒರಟಾದ ಕಲ್ಲಿನ ಅಂಗಳಕ್ಕೆ ದಿನಕ್ಕೆ ಹತ್ತು ಸಲ ಹಾರಿದರೆ ಅಂಗಾಲು ಜಜ್ಜಿಹೋಗುತ್ತದೆ. ಇನ್ನೊಂದು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಹೊಯ್ಯುವ ಮಳೆ: ಒದ್ದೆ ನೆಲದಲ್ಲಿ ನಿಂತು ನಿಂತು ಮೆತ್ತಗಾದ ಚರ್ಮ ಬೇಗನೆ ಸೀಳುತ್ತದೆ. ಭಾರದ ಹೇಂಟೆಗಳಲ್ಲಿ ಇದು ಮತ್ತಷ್ಟು ಹೆಚ್ಚು.

ಊತ ಸ್ವಲ್ಪವೇ ಇದ್ದು, ಕೋಳಿ ಮೇಯುತ್ತಿದ್ದರೆ ಮನೆಯಲ್ಲೇ ಆರೈಕೆ ಆರಂಭಿಸಬಹುದು. ಅಗಲವಾದ ಪಾತ್ರೆಯಲ್ಲಿ, ನಿಮ್ಮ ಮೊಣಕೈ ಅದ್ದಿದರೆ ಹಿತವೆನಿಸುವಷ್ಟು ಬೆಚ್ಚಗಿನ ನೀರಿಗೆ ಎಪ್ಸಮ್ ಉಪ್ಪು ಹಾಕಿ, ದಿನಕ್ಕೆ ಎರಡು ಸಲ 15 ರಿಂದ 20 ನಿಮಿಷ ಕಾಲನ್ನು ನೆನೆಸಿ. ಎಪ್ಸಮ್ ಉಪ್ಪು ಔಷಧದ ಅಂಗಡಿಯಲ್ಲಿ ಸಿಗುತ್ತದೆ. ಕೋಳಿ ಆ ನೀರನ್ನು ಕುಡಿಯದಂತೆ ನೋಡಿಕೊಳ್ಳಿ, ಅದು ಭೇದಿ ತರಿಸುತ್ತದೆ. ನೆನೆಸಿದ ಕಾಲನ್ನು ಒತ್ತಿ ಒರೆಸಿ ಪೂರ್ತಿ ಒಣಗಿಸಿ, ಪೊವಿಡೋನ್ ಅಯೋಡಿನ್ ಹಚ್ಚಿ, ಮಡಿಸಿದ ಗಾಜ್ ಬಟ್ಟೆಯ ಮೆತ್ತೆ ಇಟ್ಟು, ಬೆರಳುಗಳ ನಡುವಿನಿಂದ ಹಾಯಿಸಿ ಬ್ಯಾಂಡೇಜ್ ಸುತ್ತಿ. ಸುತ್ತಿದ ಒಂದು ಗಂಟೆಯ ನಂತರ ಬೆರಳ ತುದಿ ಮುಟ್ಟಿ ನೋಡಿ. ತಣ್ಣಗಾಗಿದ್ದರೆ ಅಥವಾ ಊದಿದ್ದರೆ ಕಟ್ಟು ಬಿಗಿಯಾಗಿದೆ ಎಂದರ್ಥ. ಬ್ಯಾಂಡೇಜ್ ಒದ್ದೆಯಾದ ಕೂಡಲೇ ಬದಲಿಸಿ. ಹೊಪ್ಪಳೆಯನ್ನು ಉಗುರಿನಿಂದಲೋ ಬ್ಲೇಡಿನಿಂದಲೋ ಕೀಳುವ ಆಸೆ ಎಲ್ಲರಿಗೂ ಆಗುತ್ತದೆ. ಆದರೆ ಕೋಳಿಯ ಕೀವು ನಮ್ಮದರಂತೆ ಹರಿಯುವುದಿಲ್ಲ, ಗಟ್ಟಿಯಾದ ಗಿಣ್ಣದಂತೆ ಆಳದವರೆಗೂ ಹೆಪ್ಪುಗಟ್ಟಿರುತ್ತದೆ. ಅದನ್ನು ಒತ್ತಿದರೆ ಸೋಂಕು ಮೂಳೆ, ಸ್ನಾಯುರಜ್ಜುಗಳ ಕಡೆಗೆ ಇಳಿಯಬಹುದು. ಗಟ್ಟಿ ಗಂಟು ಕೈಗೆ ಸಿಕ್ಕರೆ, ಮೂರು–ನಾಲ್ಕು ದಿನದಲ್ಲಿ ಊತ ತಗ್ಗದಿದ್ದರೆ, ಅದನ್ನು ತೆಗೆಯುವ ಕೆಲಸ ಪಶುವೈದ್ಯರದ್ದು. ಈ ಬ್ಯಾಕ್ಟೀರಿಯಾ ಮನುಷ್ಯರ ಗಾಯಕ್ಕೂ ತಗಲುತ್ತದೆಯಾದ್ದರಿಂದ ಕೈಗವಸು ಹಾಕಿಕೊಳ್ಳಿ, ಕೆಲಸ ಮುಗಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ.

ಇಲ್ಲೇ ಸುಣ್ಣದ ಮಾತು ಹೇಳಿಬಿಡುತ್ತೇನೆ. ಅರಿಶಿನ ಹಚ್ಚಿದರೆ ಕೇಡಿಲ್ಲ, ಆದರೆ ಸುಣ್ಣ ಹಸಿ ಚರ್ಮವನ್ನು ಸುಡುತ್ತದೆ. ಅದೇ ರೀತಿ, ಕಾಲಿನ ಹುರುಪೆಗಳು ಎದ್ದು ನಿಂತು, ಅಡಿಯಲ್ಲಿ ಬಿಳಿ ಪುಡಿ ತುಂಬಿ ಕಾಲು ದಪ್ಪಗಾಗಿದ್ದರೆ ಅದು ಕಣ್ಣಿಗೆ ಕಾಣದ ನುಸಿಯ ಕೆಲಸ. ಅದಕ್ಕೆ ಸೀಮೆ ಎಣ್ಣೆ ಬಳಿಯುವ ಹಳೆಯ ರೂಢಿಯನ್ನು ಬಿಟ್ಟುಬಿಡಿ. ಸೋಪಿನ ನೀರಿನಲ್ಲಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಹಗುರವಾಗಿ ಉಜ್ಜಿ, ಒಣಗಿದ ಮೇಲೆ ಕೊಬ್ಬರಿ ಎಣ್ಣೆ ಅಥವಾ ವ್ಯಾಸಲೀನನ್ನು ದಪ್ಪಗೆ ಸವರಿದರೆ ಗಾಳಿ ಸಿಗದೆ ನುಸಿ ಸಾಯುತ್ತದೆ. ಎರಡು ದಿನಕ್ಕೊಮ್ಮೆಯಂತೆ ಹಲವು ವಾರ ಬಿಡದೆ ಮಾಡಬೇಕು, ಗೂಡಿನ ಉಳಿದ ಕೋಳಿಗಳಿಗೂ ಮಾಡಬೇಕು.

ಪಾದದಲ್ಲಿ ಏನೂ ಕಾಣದಿದ್ದರೆ ಎರಡೂ ಕಾಲುಗಳನ್ನು ಒಟ್ಟಿಗೆ ಹಿಡಿದು, ಗಿಣ್ಣಿನಿಂದ ಗಿಣ್ಣಿಗೆ ಹೋಲಿಸುತ್ತ ಮೇಲೇರಿ. ಒಂದು ಕಡೆ ಮಾತ್ರ ಬಿಸಿ, ಊತ, ಅಸಹಜ ಬಾಗು ಇದ್ದರೆ ಉಳುಕು ಅಥವಾ ಮುರಿತ. ಉಳುಕಿಗೆ ವಿಶ್ರಾಂತಿಯೇ ಮದ್ದು. ಹುರುಪೆಯಿರುವ ಕೆಳಗಾಲಿನ ಮೂಳೆ ಮುರಿದು, ಚರ್ಮ ಹರಿಯದಿದ್ದರೆ, ವೈದ್ಯರ ಬಳಿ ಒಯ್ಯುವವರೆಗೆ ಅಡಿಕೆ ಹಾಳೆಯ ಪಟ್ಟಿಯನ್ನು ಆಧಾರವಾಗಿ ಕಟ್ಟಬಹುದು. ಹಾಳೆಯನ್ನು ಸ್ವಲ್ಪ ನೆನೆಸಿದರೆ ಕಾಲಿನ ಆಕಾರಕ್ಕೆ ಬಾಗುತ್ತದೆ, ಒಣಗಿದ ಮೇಲೆ ಅದೇ ಆಕಾರದಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಒಳಗೆ ಹತ್ತಿಯ ಮೆತ್ತೆ ಮಾತ್ರ ಮರೆಯಬಾರದು. ಸರಿಯಾಗಿ ಕೂಡಿಸಿದ ಮೂಳೆ ಸುಮಾರು ಮೂರು ವಾರದಲ್ಲಿ ಗಟ್ಟಿಯಾಗುತ್ತದೆ. ತೊಡೆಯ ಮೂಳೆ ಮುರಿದರೆ, ಮೂಳೆ ಹೊರಗೆ ಕಂಡರೆ, ಮನೆಯಲ್ಲಿ ಕಟ್ಟಲು ಹೋಗಬೇಡಿ. ನೋವಿಗೆಂದು ಮನುಷ್ಯರ ಮಾತ್ರೆಯನ್ನಂತೂ ಪುಡಿಮಾಡಿ ಕೊಡಬೇಡಿ. ಡೈಕ್ಲೋಫೆನಾಕ್ ಹಕ್ಕಿಗಳ ಮೂತ್ರಪಿಂಡವನ್ನು ಕೆಡಿಸುತ್ತದೆ. ರಣಹದ್ದುಗಳು ಅಳಿಯಲು ಅದೇ ಕಾರಣವೆಂದು ತಿಳಿದು, ಜಾನುವಾರುಗಳಿಗೆ ಅದನ್ನು ಬಳಸುವುದನ್ನು ನಮ್ಮ ದೇಶದಲ್ಲಿ 2006ರಲ್ಲಿ ನಿಷೇಧಿಸಲಾಯಿತು.

ಕಾಲಿನಲ್ಲಿ ದೋಷವಿಲ್ಲದೆಯೂ ಹೇಂಟೆ ನಡೆಯಲಾರದೆ ಕೂರಬಹುದು. ಬಾಲ ಕೆಳಗಿಳಿಸಿ, ಮೈ ನೆಟ್ಟಗೆ ಮಾಡಿ, ತಿಣುಕುತ್ತಿದ್ದರೆ ಮೊಟ್ಟೆ ಸಿಕ್ಕಿಕೊಂಡಿರಬಹುದು. ಬೆಚ್ಚಗಿನ ನೀರಿನಲ್ಲಿ ಹೊಟ್ಟೆಯವರೆಗೆ 20 ನಿಮಿಷ ಕೂರಿಸಿ, ಒರೆಸಿ, ಕತ್ತಲೆಯ ಬೆಚ್ಚನೆಯ ಜಾಗದಲ್ಲಿ ಬಿಡಿ. ಹೊಟ್ಟೆಯನ್ನು ಒತ್ತಬೇಡಿ, ಒಳಗೆ ಮೊಟ್ಟೆ ಒಡೆದರೆ ಜೀವಕ್ಕೇ ಅಪಾಯ. ಕೆಲವು ಗಂಟೆಗಳಲ್ಲಿ ಇಡದಿದ್ದರೆ ವೈದ್ಯರು ನೋಡಲೇಬೇಕು. ಬಿಡದೆ ಮೊಟ್ಟೆಯಿಡುವ ಹೇಂಟೆಗೆ ಸುಣ್ಣದಂಶ ಸಾಲದೆ ಮೂಳೆ ಸವೆದು ಕಾಲು ಸೋಲುವುದೂ ಉಂಟು. ಮೆತ್ತನೆಯ ಚಿಪ್ಪಿನ ಮೊಟ್ಟೆ ಬರತೊಡಗಿದರೆ ಅದೇ ಮುನ್ಸೂಚನೆ. ಅಘನಾಶಿನಿ ಹೊಳೆಯ ಬಳಚು (ಚಿಪ್ಪುಮೀನು) ತಿನ್ನುವ ನಮಗೆ ಇದರ ಪರಿಹಾರ ಹಿತ್ತಲಲ್ಲೇ ಬಿದ್ದಿದೆ: ಚಿಪ್ಪನ್ನು ತೊಳೆದು, ಒಣಗಿಸಿ, ಜೋಳದ ಕಾಳಿನಷ್ಟು ತುಂಡಾಗುವಂತೆ ಕುಟ್ಟಿ ಬೇರೆ ಕರಟದಲ್ಲಿ ಇಟ್ಟರೆ ಬೇಕಾದ ಹೇಂಟೆ ಬೇಕಾದಷ್ಟು ತಿನ್ನುತ್ತದೆ. ಕೂಳಿನಲ್ಲಿ ಬೆರೆಸಿದರೆ ಮರಿಗಳೂ ಹುಂಜವೂ ತಿಂದು ಮೂತ್ರಪಿಂಡ ಕೆಡಿಸಿಕೊಳ್ಳಬಹುದು.

ಗಾಯವೇ ಇಲ್ಲದೆ ಒಂದು ಕಾಲು ಮುಂದಕ್ಕೂ ಇನ್ನೊಂದು ಹಿಂದಕ್ಕೂ ಚಾಚಿಕೊಂಡಿದ್ದರೆ, ಅದರಲ್ಲೂ ಆರು ವಾರದಿಂದ ಆರೇಳು ತಿಂಗಳ ಒಳಗಿನ ಕೋಳಿಯಾಗಿದ್ದರೆ, ಅದು ನರಗಳನ್ನು ಕೆಡಿಸುವ, ವೈರಸ್‌ನಿಂದ ಬರುವ ಮಾರೆಕ್ಸ್ ರೋಗವಿರಬಹುದು. ಅದಕ್ಕೆ ಔಷಧವಿಲ್ಲ, ಮರಿ ಹುಟ್ಟಿದ ದಿನವೇ ಹಾಕುವ ಲಸಿಕೆಯೊಂದೇ ತಡೆ. ಕತ್ತು ತಿರುಚಿ, ಹಸಿರು ಬಣ್ಣದ ಭೇದಿಯೊಂದಿಗೆ ಕಾಲು ಸೋತರೆ ಕೊಕ್ಕರೆ ರೋಗದ (ರಾಣಿಖೇತ್) ಶಂಕೆ ಬರಬೇಕು. ಕೊಳೆತ ಮೀನಿನ ತ್ಯಾಜ್ಯವನ್ನೋ ಅದರ ಹುಳುಗಳನ್ನೋ ತಿಂದು ಕಾಲಿನಿಂದ ಶುರುವಾಗಿ ರೆಕ್ಕೆ, ಕತ್ತು ಜೋತುಬೀಳುವ ವಿಷಬಾಧೆಯೂ ಕರಾವಳಿಯಲ್ಲಿ ನೆನಪಿಡಬೇಕಾದದ್ದು. ಇಂಥ ಯಾವುದೇ ಲಕ್ಷಣ ಕಂಡರೆ ಕೋಳಿಯನ್ನು ಕೂಡಲೇ ಪ್ರತ್ಯೇಕಿಸಿ ಪಶು ಆಸ್ಪತ್ರೆಗೆ ತಿಳಿಸಿ. 1962 ಎಂಬ ಉಚಿತ ಸಹಾಯವಾಣಿಯೂ ಇದೆ. ಒಂದರ ಹಿಂದೊಂದು ಕೋಳಿ ಸತ್ತರೆ ಮುಟ್ಟದೆ, ಹೂಳದೆ, ಮೊದಲು ಪಶುಪಾಲನಾ ಇಲಾಖೆಗೆ ಹೇಳಬೇಕು.

ಕಾರಣ ಗೊತ್ತಾದ ಮೇಲೆ ಉಳಿಯುವುದು ದಿನದಿನದ ಆರೈಕೆ. ಹೆಚ್ಚಿನ ಹೇಂಟೆಗಳು ಸೋಲುವುದು ಕಾಲಿನ ನೋವಿಗಿಂತ ಹೆಚ್ಚಾಗಿ ಹಸಿವು, ಬಾಯಾರಿಕೆ, ಕೊಳಕುಗಳಿಂದ ಎಂಬುದು ನನ್ನ ಅನುಭವ. ಜಗಲಿಯ ಮೂಲೆಯಲ್ಲಿ, ಮಳೆಯ ಎರಚಲು ತಾಗದ, ಮುಂಗುಸಿ, ಬೆಕ್ಕುಗಳಿಗೆ ಎಟುಕದ ಜಾಗದಲ್ಲಿ, ತಿರುಗಾಡಲು ಆಸ್ಪದವಿಲ್ಲದಷ್ಟು ಚಿಕ್ಕ ಪೆಟ್ಟಿಗೆ ಅಥವಾ ಪಂಜರ ಸಾಕು. ಉಳಿದ ಕೋಳಿಗಳು ಕಣ್ಣಿಗೆ ಕಾಣುವಂತಿರಲಿ, ಒಂಟಿಯಾದ ಕೋಳಿ ಕೂಳು ಬಿಡುತ್ತದೆ. ನೆಲಕ್ಕೆ ಒಣ ದರಕನ್ನೋ (ಉದುರಿದ ಎಲೆ) ಭತ್ತದ ಹೊಟ್ಟನ್ನೋ ನಾಲ್ಕು ಬೆರಳು ದಪ್ಪಕ್ಕೆ ಹಾಸಿ, ಒದ್ದೆಯಾದದ್ದನ್ನು ದಿನವೂ ತೆಗೆಯಿರಿ. ಬರೀ ಪೇಪರ್ ಹಾಸಬೇಡಿ, ಜಾರಿ ಕಾಲು ಇನ್ನಷ್ಟು ಎಳೆಯುತ್ತದೆ. ಹತ್ತಿ ಕೂರುವ ಅಡ್ಡೆಯನ್ನು (ಅಡ್ಡಗೋಲು) ತೆಗೆದುಬಿಡಿ.

ನೀರು ಮತ್ತು ಕೂಳು ಕುಳಿತಲ್ಲೇ ಕೊಕ್ಕಿಗೆ ಸಿಗಬೇಕು. ಕರಟವನ್ನು ಇಟ್ಟಿಗೆಯ ನಡುವೆ ಸಿಕ್ಕಿಸಿದರೆ ಮಗುಚುವುದಿಲ್ಲ. ಬರೀ ಅನ್ನ ಸಾಲದು. ಮೊಟ್ಟೆಕೋಳಿಯ ಆಹಾರದ ಜೊತೆಗೆ ಮೊಳಕೆ ಬಂದ ಹೆಸರುಕಾಳು, ಸಣ್ಣಗೆ ಹೆಚ್ಚಿದ ನುಗ್ಗೆಸೊಪ್ಪು, ಸ್ವಲ್ಪ ಬೇಯಿಸಿದ ಮೊಟ್ಟೆ ಕೊಡಿ. ಒಣಮೀನಿನ ಉಪ್ಪು ಕೋಳಿಗೆ ವಿಷವಾಗಬಲ್ಲದು, ಅದನ್ನು ದೂರವಿಡಿ. ರಾತ್ರಿ ಮಲಗುವ ಮುಂಚೆ ಎದೆಯ ಮೇಲಿನ ಕಾಳಿನ ಚೀಲವನ್ನು ಮುಟ್ಟಿ ನೋಡಿ, ಅದು ತುಂಬಿರಬೇಕು, ಬೆಳಿಗ್ಗೆ ಖಾಲಿಯಾಗಿರಬೇಕು. ಅಡುಗೆಮನೆಯ ತಕ್ಕಡಿಯಲ್ಲಿ ಮೂರು ದಿನಕ್ಕೊಮ್ಮೆ ತೂಗಿ ಬರೆದಿಡಿ. ಕುಳಿತೇ ಇರುವ ಹೇಂಟೆಯ ಹಿಂಭಾಗಕ್ಕೆ ಹಿಕ್ಕೆ ಮೆತ್ತಿಕೊಂಡರೆ ನೊಣ ಮೊಟ್ಟೆಯಿಟ್ಟು ಒಂದೇ ದಿನದಲ್ಲಿ ಹುಳು ಬೀಳಬಹುದು, ಆದ್ದರಿಂದ ಮಳೆಗಾಲದಲ್ಲಿ ಅಲ್ಲಿ ದಿನವೂ ನೋಡಿ, ಬೆಚ್ಚಗಿನ ನೀರಿನಿಂದ ತೊಳೆದು ಒಣಗಿಸಿ. ಎದೆಮೂಳೆಯ ಮೇಲೆ ಹುಣ್ಣಾಗದಂತೆ ದಿನಕ್ಕೆ ನಾಲ್ಕೈದು ಸಲ ಕೂತ ಭಂಗಿ ಬದಲಿಸಿ. ವೈದ್ಯರು ಆ್ಯಂಟಿಬಯೋಟಿಕ್ ಕೊಟ್ಟಿದ್ದರೆ ಎಷ್ಟು ದಿನ ಮೊಟ್ಟೆ ತಿನ್ನಬಾರದೆಂದು ಕೇಳಿಕೊಳ್ಳಿ.

ಎರಡೂ ಕಾಲನ್ನು ಸಮವಾಗಿ ಊರತೊಡಗಿದ ಮೇಲೂ ಒಂದು ವಾರ ತಡೆದು, ಪಂಜರವನ್ನು ಹಿಂಡಿನ ನಡುವೆಯೇ ಇಟ್ಟು, ಆಮೇಲೆ ಸಂಜೆಯ ಹೊತ್ತು ಗೂಡಿಗೆ ಬಿಡಿ. ಹಲವು ದಿನ ದೂರವಿದ್ದ ಹೇಂಟೆಯನ್ನು ಉಳಿದವು ಹೊಸಬಳೆಂದೇ ಕುಕ್ಕುತ್ತವೆ. ಕತ್ತಲಲ್ಲಿ ಸೇರಿಸಿದರೆ ಜಗಳ ಕಡಿಮೆ. ಗೂಡಿನ ಅಡ್ಡೆಯನ್ನು ಒಂದು ಮೊಳದ ಎತ್ತರಕ್ಕೆ ಇಳಿಸಿ, ಮೂಲೆಗಳನ್ನು ಉಜ್ಜಿ ನುಣುಪು ಮಾಡಿ, ಹಾರಿ ಇಳಿಯುವ ಕಡೆ ದರಕು ಹಾಸಿ. ನಮ್ಮ ಕೆಂಪಿ ಈಗ ಎರಡೂವರೆ ಬೆರಳಿನ ಮೇಲೆ ನಿಂತೇ ಗೊಬ್ಬರಗುಂಡಿ ಕೆದಕುತ್ತದೆ. ಅದು ಕೆದಕಲು ಹೋಗುವ ಮುಂಚೆ, ಬೆಳಿಗ್ಗೆ ಅಂಗಳ ಗುಡಿಸುವಾಗ, ಬಲೆಯ ಎಳೆ ಬಿದ್ದಿದೆಯೇ ಎಂದು ನೋಡಿ ಹೆಕ್ಕಿ ಒಲೆಯ ಪಕ್ಕದ ಡಬ್ಬಿಗೆ ಹಾಕುತ್ತೇನೆ.